ಆರದ ಗುಡ್ಡೆ

ಪಶು ಆಸ್ಪತ್ರೆಯಲ್ಲಿ ನನ್ನ ಸರದಿ ಕದಲುತ್ತಲೇ ಇರಲಿಲ್ಲ. ಪಕ್ಕದಲ್ಲಿ ಕೂತಿದ್ದ ಅತ್ತಿಗೆ–ನಾದಿನಿ ಹೊಸ ಹಸು ಕಟ್ಟೋಕೆ ಬೇಕಾದ, ಕೊಟ್ಟಿಗೆಯಲ್ಲಿ ರೋಗವಿಲ್ಲ ಅನ್ನೋ ಪತ್ರಕ್ಕೆ ಬಂದಿದ್ದರು.

“ಹನ್ನೊಂದು ಹಸುನೂ ರೋಗಕ್ಕೆ ಹೋದ ಮೇಲೆ ಆ ಸಗಣಿ ಯಾಕೆ ಇಟ್ಕೊಂಡ್ರಿ ಅತ್ತಿಗೆ?”

“ಡಾಕ್ಟ್ರೇ ಹೇಳಿದ್ದು. ಸಗಣಿ, ಹಸುಗಳ ಕೆಳಗೆ ಹಾಸಿದ್ದ ಹುಲ್ಲು ಎಲ್ಲಾ ಗುಡ್ಡೆ ಹಾಕಿ ಮಗುಚ್ತಾ ಇರಿ ಅಂದ್ರು. ಗಾಳಿ ಆಡಿದ್ರೆ ಒಳಗಿರೋ ಸೂಕ್ಷ್ಮಜೀವಿಗಳು ಅದನ್ನ ತಿಂದು ಬಿಸಿ ಏರಿಸ್ತವಂತೆ. ಆ ಬಿಸಿಗೆ ರೋಗ ಸಾಯುತ್ತಂತೆ.”

“ಸತ್ತಿತಾ?”

“ಹದಿನೈದೇ ದಿನಕ್ಕೆ. ಈಗ ಮೂರು ತಿಂಗಳು. ನಿಮ್ಮಣ್ಣ ಇನ್ನೂ ಮಗುಚ್ತಿದಾರೆ.”

“ಯಾಕಂತೆ?”

“ನಾನು ಕೇಳಿಲ್ಲ. ಬೆಳಗ್ಗೆ ಎದ್ದು ಗುಡ್ಡೆ ಮೇಲೆ ಕೈ ಇಟ್ಕೊಂಡು ನಿಂತಿರ್ತಾರೆ.”

“ಇನ್ನೂ ಬಿಸಿ ಇದ್ಯಾ?”

“ಆರ್ತಾ ಇತ್ತು. ಆ ಸೂಕ್ಷ್ಮಜೀವಿಗಳಿಗೆ ತಿನ್ನೋಕೆ ಇನ್ನೇನೂ ಉಳಿದಿಲ್ಲ ಅಂದೆ. ಮೊನ್ನೆ ನಾವು ಮಲಗೋ ಹುಲ್ಲಿನ ಹಾಸಿಗೆ ಬಿಚ್ಚಿ ಅದಕ್ಕೆ ಸುರಿದ್ರು.”

“ಅಯ್ಯೋ! ನೀವು ಸುಮ್ನೆ ನೋಡ್ತಾ ನಿಂತಿದ್ರಾ?”

“ಇಲ್ಲ. ದಿಂಬು ನಾನೇ ಬಿಚ್ಚಿ ಕೊಟ್ಟೆ.”

ಒಳಗಿಂದ ಅವರ ನಂಬರ್ ಕೂಗಿದರು. ಅತ್ತಿಗೆ ಸೆರಗಿಗೆ ಅಂಟಿದ್ದ ಹುಲ್ಲಿನ ಎಳೆ ತೆಗೆದು, ಎಸೆಯದೆ, ಕೈಚೀಲಕ್ಕೆ ಹಾಕಿಕೊಂಡು ಎದ್ದರು.