ಎಡಗಡೆಯ ತಗ್ಗು

ಬಡಾವಣೆಯಲ್ಲಿ ಎಲ್ಲರೂ ಸೂಜಿಯಕ್ಕ ಎಂದು ಕರೆಯುವ ನಾನು, ವಯಸ್ಸು ಐವತ್ತೊಂಬತ್ತು, ಕಸುಬು ಮನೆಯಲ್ಲೇ ಹೊಲಿಗೆ, ಅದಕ್ಕೂ ಮುಂಚೆ ಸೋಫಾ ಅಂಗಡಿಯಲ್ಲಿ ಕವರು ಹೊಲಿಯುವ ಕೆಲಸ, ವಾಸ ನೀರಿನ ಟ್ಯಾಂಕಿನ ಹಿಂದಿನ ಓಣಿಯ ಕೊನೆಯ ಮನೆ, ಠಾಣೆಯವರು ಕರೆಸಿದ ಮೇರೆಗೆ ಈ ಭಾನುವಾರ ಸಂಜೆ ಆರು ಗಂಟೆಗೆ ಹಾಜರಾಗಿ, ಯಾರ ಒತ್ತಾಯವೂ ಇಲ್ಲದೆ ನನ್ನ ಮಾತಿನಲ್ಲೇ ತಿಳಿಸುತ್ತಿರುವುದು ಏನೆಂದರೆ:

ಶಾಲೆ ಬೀದಿಯ ಮನೆಯೊಂದರ ಮುಂದಿನಿಂದ ನಿನ್ನೆ ಶನಿವಾರ ಒಂದು ಹಳೇ ಸೋಫಾ ಕಳುವಾಗಿದೆ ಎಂದು ಆ ಮನೆಯ ಹುಡುಗಿ ದೂರು ಕೊಟ್ಟಿದ್ದಾರೆ. ಅದನ್ನು ಹೊತ್ತುಕೊಂಡು ಹೋದವರು ನಾವೇ. ನಾವೆಂದರೆ ನಾನು, ಮೇಸ್ತ್ರಿ ಮತ್ತು ಡುಮ್ಮಣ್ಣ. ಸೋಫಾ ಸಿಕ್ಕಿದೆ. ಆದರೆ ಅದರ ಎಡಗಡೆ ಒಂದು ತಗ್ಗು ಇತ್ತು, ಅದು ಸಿಕ್ಕಿಲ್ಲ, ತನಗೆ ಬೇಕಾದದ್ದು ಆ ತಗ್ಗೇ ಎಂದು ಹುಡುಗಿ ಹೇಳಿದ್ದಾರೆ. ತಗ್ಗನ್ನು ಕಳುವಾದ ವಸ್ತು ಎಂದು ಬರೆದುಕೊಳ್ಳಲು ಬರುವುದಿಲ್ಲ ಎಂದು ಸಾಹೇಬರು ಹೇಳಿದರು. ಬರೆದುಕೊಳ್ಳಲೇಬೇಕು ಎಂಬುದು ನನ್ನ ಅಭಿಪ್ರಾಯ. ಯಾಕೆಂದು ಹೇಳುತ್ತೇನೆ.

ಮೇಸ್ತ್ರಿಯವರು ಎಪ್ಪತ್ತು ದಾಟಿದ ಮುದುಕರು. ನಮ್ಮ ಅಂಗಡಿಯಲ್ಲಿ ಸ್ಪ್ರಿಂಗು ಕಟ್ಟಿ ನಾರು, ಹತ್ತಿ ತುಂಬುವ ಕೆಲಸ ಅವರದು. ಡುಮ್ಮಣ್ಣ ನನಗಿಂತ ಚಿಕ್ಕವನು. ಸಾಮಾನು ಹೊತ್ತು ತರುವುದು, ತಿರುಗಿ ಮುಟ್ಟಿಸುವುದು ಅವನ ಪಾಲಿನದು. ಈಗ ಸ್ವಂತ ಗೂಡ್ಸ್ ಆಟೋ ಇಟ್ಟುಕೊಂಡಿದ್ದಾನೆ. ಅಂಗಡಿ ಮುಚ್ಚಿ ಒಂಬತ್ತು ವರ್ಷವಾಯಿತು. ರೆಡಿಮೇಡ್ ಸೋಫಾ ಬಂದಮೇಲೆ ಹಳೆಯದನ್ನು ಬಿಚ್ಚಿ ಕಟ್ಟಿಸುವವರು ಯಾರಿದ್ದಾರೆ? ಕೆಲಸ ಹೋಯಿತು, ಸ್ನೇಹ ಹೋಗಲಿಲ್ಲ. ತಿಂಗಳಿಗೊಮ್ಮೆ ಶನಿವಾರ, ಭಾನುವಾರ ಮೂವರೂ ಸೇರಿ ಊರು ಸುತ್ತುತ್ತೇವೆ. ಈ ಸಲ ಶನಿವಾರ ಸಿನಿಮಾ, ಭಾನುವಾರ ಕೆರೆ ಎಂದಿತ್ತು. ಈ ವಯಸ್ಸಿನಲ್ಲಿ ಇದೆಲ್ಲ ಬೇಕಾ ಎಂದು ನನ್ನ ಸೊಸೆ ಕೇಳುತ್ತಾಳೆ. ಈ ವಯಸ್ಸಿನಲ್ಲಲ್ಲದೆ ಇನ್ಯಾವ ವಯಸ್ಸಿನಲ್ಲಿ ಎಂಬುದು ನನ್ನ ಉತ್ತರ. ಇದನ್ನು ಬರೆದುಕೊಳ್ಳದಿದ್ದರೂ ನಡೆಯುತ್ತದೆ.

ಶನಿವಾರ ಬೆಳಿಗ್ಗೆ ಮೊದಲು ಮೇಸ್ತ್ರಿಯವರ ಹೊಸ ಕನ್ನಡಕ ತರಲು ಹೋದೆವು. ಹಾಕಿಕೊಂಡ ಕೂಡಲೇ ಲೋಕವೆಲ್ಲ ಸ್ಪಷ್ಟವಾಯಿತು ಎಂದರು. ಸ್ವಲ್ಪ ದೂರ ನಡೆದ ಮೇಲೆ ಅಂಚೆ ಡಬ್ಬಿಗೆ ಕೈಮುಗಿದು ಹೇಗಿದ್ದೀರಿ ಎಂದು ಕೇಳಿದರು. ಅಂಗಡಿಯವನು ಬೇರೆ ಯಾರದ್ದೋ ಕನ್ನಡಕ ಕೊಟ್ಟಿದ್ದ. ವಾಪಸು ಹೋಗಿ ಸರಿಯಾದದ್ದನ್ನು ತರುವಷ್ಟರಲ್ಲಿ ಬಿಸಿಲು ನೆತ್ತಿಗೆ ಬಂದಿತ್ತು. ಸಿನಿಮಾಕ್ಕೆ ಇನ್ನೂ ಹೊತ್ತಿದೆ ಎಂದು ಪಾರ್ಕಿಗೆ ಹೋದೆವು.

ನಮ್ಮ ಕಸುಬಿನವರಿಗೆ ಒಂದು ಚಟ. ಕೂರುವ ಜಾಗ ಯಾವುದೇ ಕಂಡರೂ ಕೂತು ಪರೀಕ್ಷೆ ಮಾಡದೆ ಮುಂದೆ ಹೋಗುವುದಿಲ್ಲ. ಪಾರ್ಕಿನಲ್ಲಿ ಹೊಸದಾಗಿ ಕಂಡ ಬೆಂಚಿನ ಮೇಲೆ ಡುಮ್ಮಣ್ಣ ಹೋಗಿ ಕುಕ್ಕರಿಸಿದ. ಬೆಂಚು ಹೊಸದಲ್ಲ, ಬಣ್ಣ ಹೊಸದು. ಎದ್ದಾಗ ಅವನ ಪ್ಯಾಂಟಿನ ಹಿಂಭಾಗದಲ್ಲಿ ಅಡ್ಡಡ್ಡವಾಗಿ ಐದು ಹಸಿರು ಪಟ್ಟೆ ಮೂಡಿದ್ದವು. ನಲ್ಲಿಯ ಕೆಳಗೆ ತಿಕ್ಕಿದ್ದಕ್ಕೆ ಇನ್ನಷ್ಟು ಹರಡಿಕೊಂಡಿತು. ಈ ಅವತಾರದಲ್ಲಿ ಸಿನಿಮಾಕ್ಕೆ ಬರುವುದಿಲ್ಲ, ಮನೆಗೆ ಹೋಗಿ ಬಟ್ಟೆ ಬದಲಿಸುತ್ತೇನೆ ಎಂದ. ನಾವು ನಕ್ಕು ನಕ್ಕು ಸುಸ್ತಾಗಿ ಅವನ ಆಟೋ ಹತ್ತಿದೆವು. ಅವನ ಮನೆಗೆ ದಾರಿ ಶಾಲೆ ಬೀದಿಯ ಮೇಲೆ.

ಆ ಬೀದಿಯ ಒಂದು ಮನೆಯ ಗೇಟಿನ ಹೊರಗೆ ಸೋಫಾ ಇತ್ತು. ತಲೆಕೆಳಗಾಗಿ, ಕಾಲು ಆಕಾಶಕ್ಕೆ ಮಾಡಿಕೊಂಡು ಇತ್ತು. ಇದನ್ನು ದಯವಿಟ್ಟು ಅಡಿಗೆರೆ ಹಾಕಿ ಬರೆದುಕೊಳ್ಳಬೇಕು. ನಮ್ಮ ಅಂಗಡಿ ನಡೆಯುವಾಗ ಊರಿಗೆಲ್ಲ ಗೊತ್ತಿದ್ದ ಪದ್ಧತಿ ಅದು. ರಿಪೇರಿಗೆ ಕೊಡಬೇಕಾದ ಕುರ್ಚಿಯನ್ನೋ ಸೋಫಾವನ್ನೋ ಶನಿವಾರ ಬಾಗಿಲ ಮುಂದೆ ಬೋರಲು ಹಾಕಿಟ್ಟರೆ ನಮ್ಮ ಗಾಡಿ ಬಂದು ಎತ್ತಿಕೊಂಡು ಹೋಗುತ್ತಿತ್ತು. ಕರೆಯುವುದೂ ಬೇಡ, ಹೇಳುವುದೂ ಬೇಡ. ಆ ಮನೆ ಟೀಚರಮ್ಮನದು. ಆ ಸೋಫಾ ನಾವೇ ಕಟ್ಟಿದ್ದು, ಆಮೇಲೆ ಮೂರು ಸಲ ರಿಪೇರಿ ಮಾಡಿದ್ದು. ಮೂರು ಸಲವೂ ಟೀಚರಮ್ಮ ಹೀಗೇ ಬೋರಲು ಹಾಕಿಟ್ಟಿದ್ದರು.

ಡುಮ್ಮಣ್ಣ ಯಾರೂ ಹೇಳದೆಯೇ ಬ್ರೇಕು ಹಾಕಿದ. ಮೇಸ್ತ್ರಿಯವರು ಇಳಿದು ಹೋಗಿ ಕೂತವರ ಭಾರ ಹೊರುವ ತಳದ ಪಟ್ಟಿಗಳನ್ನು ಒಂದೊಂದಾಗಿ ಎಳೆದು ನೋಡಿದರು. ಅವರು ಹೇಳಿದ ಮಾತು ಇದ್ದ ಹಾಗೇ ಹೇಳುತ್ತೇನೆ: "ನೋಡಮ್ಮ, ಟೀಚರಮ್ಮ ನಮ್ಮನ್ನ ಮರ್ತಿಲ್ಲ."

ಅಂಗಡಿ ಮುಚ್ಚಿದೆ ಎಂದು ಮೂವರಿಗೂ ಗೊತ್ತಿತ್ತು. ಯಾರೂ ತುಟಿ ಬಿಚ್ಚಲಿಲ್ಲ. ನಾನೂ ಬಿಚ್ಚಲಿಲ್ಲ, ಯಾಕೆಂದರೆ ಮೇಸ್ತ್ರಿಯವರ ಮುಖದಲ್ಲಿ ಅಂಥ ಕಳೆ ನೋಡಿ ಬಹಳ ವರ್ಷವಾಗಿತ್ತು. ನನಗೂ ಅಷ್ಟೇ ಸಂತೋಷವಾಗಿತ್ತು. ನಮ್ಮನ್ನು ಒಬ್ಬರು ಇನ್ನೂ ನೆನಪಿಟ್ಟುಕೊಂಡು ಬಾಗಿಲ ಮುಂದೆ ಸೋಫಾ ಇಟ್ಟಿದ್ದಾರೆ ಎಂದರೆ ಸುಮ್ಮನೆಯೇ?

ಬೆಲ್ ಒತ್ತಿದೆವು, ಯಾರೂ ಬರಲಿಲ್ಲ. ತಿಗಣೆಗೆಂದು ಸೋಫಾದ ತಳಕ್ಕೆ ಔಷಧಿ ಹೊಡೆದು, ಒಣಗಲಿ ಎಂದು ಬಿಸಿಲಿಗೆ ಬೋರಲು ಹಾಕಿ, ಮೈಮೇಲೆ ಬಿದ್ದ ಔಷಧಿ ತೊಳೆಯಲು ಹುಡುಗಿ ಸ್ನಾನಕ್ಕೆ ಹೋಗಿದ್ದರೆಂದು ನಮಗೆ ತಿಳಿದದ್ದು ಇವತ್ತು. ನಿನ್ನೆ ನಮಗೆ ಔಷಧಿಯ ವಾಸನೆ ಬಂದಿತ್ತು. ಡುಮ್ಮಣ್ಣ ನಾಲ್ಕೈದು ಸಲ ಸೀನಿದ. ಹಳೇ ಸೋಫಾದ ಧೂಳು ಎಂದುಕೊಂಡೆವು. ಸೋಫಾ ಗಾಡಿಗೆ ಏರಿಸುವಾಗ ಎದುರಿನ ಇಸ್ತ್ರಿ ಅಂಗಡಿಯವರಿಗೆ ಕೈ ಬೀಸಿದೆವು, ಅವರೂ ತಿರುಗಿ ಬೀಸಿದರು. ಕದ್ದುಕೊಂಡು ಹೋಗುವವರು ಕೈ ಬೀಸುವುದಿಲ್ಲ ಎಂಬುದನ್ನು ಗಮನಿಸಬೇಕು. ಇದೇ ಇಸ್ತ್ರಿಯವರು ಆಮೇಲೆ ಠಾಣೆಗೆ ನಮ್ಮ ಮುಖದ ಗುರುತು ಹೇಳದೆ, ಹಸಿರು ಪಟ್ಟೆ ಪ್ಯಾಂಟಿನವನು ಎಂದು ಮಾತ್ರ ಹೇಳಿದ್ದಾರೆ.

ಸೋಫಾವನ್ನು ನನ್ನ ಮನೆಯ ಮುಂದಿನ ಕೋಣೆಗೆ ತಂದೆವು. ಸಿನಿಮಾ ಯಾರಿಗೂ ನೆನಪಾಗಲಿಲ್ಲ. ಎಡಗಡೆ ಕೂರುವ ಜಾಗ ಆಳವಾಗಿ ಕುಸಿದಿತ್ತು, ಉಳಿದದ್ದು ಗಟ್ಟಿಯಾಗಿತ್ತು. ರಿಪೇರಿ ಅಂದರೆ ಇದೇ ಎಂದು ಮೇಸ್ತ್ರಿಯವರು ತೀರ್ಮಾನಿಸಿದರು. ನಾನು ಹೊಲಿಗೆ ಬಿಚ್ಚಿದೆ. ಅವರು ಸಣ್ಣ ಮೊಳೆಗಳನ್ನು ಬಾಯಲ್ಲಿ ಹಿಡಿದು ಒಂದೊಂದಾಗಿ ತುಟಿಗೆ ತಂದುಕೊಂಡು ಹೊಡೆಯತೊಡಗಿದರು. ಅಷ್ಟರಲ್ಲಿ ಅವರ ಹೆಂಡತಿ ಫೋನು ಮಾಡಿ ಕನ್ನಡಕ ಬಂತಾ ಎಂದು ಕೇಳಿದರು. ಮೊಳೆ ಬಾಯಲ್ಲಿಟ್ಟುಕೊಂಡೇ ಉತ್ತರ ಕೊಟ್ಟದ್ದು ಕೇಳಿ, ಹಲ್ಲು ಮುರಿದುಕೊಂಡಿದ್ದಾರೆ ಎಂದು ಹೆದರಿ ಅವರು ಓಡಿಬಂದರು. ಡುಮ್ಮಣ್ಣ ಹೆಬ್ಬೆರಳಿಗೆ ಸುತ್ತಿಗೆ ಹೊಡೆದುಕೊಂಡ. ನಾನು ಹತ್ತಿಯ ಮೇಲೆ ಚಹಾ ಚೆಲ್ಲಿದೆ. ಅಂಗಡಿಯಲ್ಲಿದ್ದಾಗ ಇಷ್ಟಕ್ಕೇ ಜಗಳವಾಗುತ್ತಿತ್ತು. ನಿನ್ನೆ ಯಾರೂ ಬೈಯಲಿಲ್ಲ. ಸುತ್ತಿಗೆಯ ಆ ಸಣ್ಣ ಟಕಟಕ ಸದ್ದು ಕೇಳಿ ನನಗೆ ಒಂದೆರಡು ಸಲ ಕಣ್ಣು ತುಂಬಿಬಂತು, ಧೂಳು ಎಂದೆ.

ಈ ದಿನ ಬೆಳಿಗ್ಗೆ ಎಂಟಕ್ಕೆ ಮತ್ತೆ ಸೇರಿ ಹೊಸ ನಾರು, ಹೊಸ ಹತ್ತಿ ತುಂಬಿ, ಕವರು ಎಳೆದು ಕಟ್ಟಿದೆವು. ಹತ್ತರ ಹೊತ್ತಿಗೆ ಸೋಫಾ ಈ ತುದಿಯಿಂದ ಆ ತುದಿಗೆ ಒಂದೇ ಸಮನಾಯಿತು. ಡುಮ್ಮಣ್ಣ ಹಸಿರು ಪ್ಯಾಂಟನ್ನೇ ಹಾಕಿಕೊಂಡು ಬಂದಿದ್ದ, ಕೆಲಸಕ್ಕೆ ಒಳ್ಳೆಯದು ಹಾಳುಮಾಡುವುದೇಕೆ ಎಂದು.

ಟೀಚರಮ್ಮನಿಗೆ ಮುಟ್ಟಿಸಲು ಹೊರಟೆವು. ಕೆರೆಯ ಪಕ್ಕದ ರಸ್ತೆಗೆ ಬಂದಾಗ, ಹೇಗೂ ಇವತ್ತು ಕೆರೆಗೆ ಬರುವುದಿತ್ತಲ್ಲ, ಹತ್ತು ನಿಮಿಷ ಎಂದ ಡುಮ್ಮಣ್ಣ. ಸೋಫಾವನ್ನು ಇಳಿಸಿ ದಂಡೆಯ ಮರದ ನೆರಳಿಗೆ ಹಾಕಿದೆವು. ಇದು ಅಗತ್ಯವಿತ್ತೇ ಎಂದು ಸಾಹೇಬರು ಕೇಳಿದರು. ಅಗತ್ಯವಿರಲಿಲ್ಲ. ಆಸೆಯಾಯಿತು, ಅಷ್ಟೇ. ಇಷ್ಟು ವರ್ಷ ನೂರಾರು ಸೋಫಾ ಮಾಡಿ ಕಳಿಸಿದೆವು, ಮೂವರೂ ಒಟ್ಟಿಗೆ ಒಂದರಲ್ಲೂ ನೆಮ್ಮದಿಯಾಗಿ ಕೂತಿರಲಿಲ್ಲ. ಕೂತು ಬಿಸ್ಕತ್ತು ತಿಂದೆವು. ವಾಕಿಂಗಿಗೆ ಬಂದ ಒಬ್ಬರು ಇದು ಸಾರ್ವಜನಿಕರಿಗೋ ಎಂದು ವಿಚಾರಿಸಿದರು. ಜಾಗವಿದ್ದರೆ ಅವರಿಗೂ ಕೊಡುತ್ತಿದ್ದೆವು, ಡುಮ್ಮಣ್ಣ ಕೂತಮೇಲೆ ಜಾಗ ಎಲ್ಲಿ?

ಕೆರೆ ದಂಡೆಯಲ್ಲಿ ಸೋಫಾ ಹಾಕಿಕೊಂಡು ಕೂತವರನ್ನು ಹಿಡಿಯಲು ಬಹಳ ಹುಡುಕಬೇಕಾಗಲಿಲ್ಲ. ಪೇದೆಯವರು ಬಂದು ಡುಮ್ಮಣ್ಣನನ್ನು ಎದ್ದು ನಿಂತು ತಿರುಗಲು ಹೇಳಿದರು. ಪಟ್ಟೆ ನೋಡಿ ಫೋನು ಮಾಡಿದರು. ಕಾಲು ಗಂಟೆಯಲ್ಲಿ ಹುಡುಗಿ ಬಂದರು. ಇಪ್ಪತ್ತಮೂರು ಇಪ್ಪತ್ತನಾಲ್ಕು ವಯಸ್ಸಿರಬಹುದು. ಅಳು ತಡೆದುಕೊಂಡು ಬಂದವರು ಸೋಫಾ ನೋಡಿ ಒಮ್ಮೆ ಉಸಿರು ಬಿಟ್ಟರು. ನೇರವಾಗಿ ಎಡಗಡೆಗೆ ಹೋಗಿ ಕೈಯಿಟ್ಟರು. ಅಂಗೈಯಿಂದ ಒತ್ತಿದರು. ಇನ್ನೊಮ್ಮೆ ಒತ್ತಿದರು. ಇಲ್ಲಿದ್ದ ತಗ್ಗು ಎಲ್ಲಿ ಎಂದು ಕೇಳಿದರು.

ಮೇಸ್ತ್ರಿಯವರು ಹೆಮ್ಮೆಯಿಂದ, ತೆಗೆದುಬಿಟ್ಟಿದ್ದೇವೆ, ಇನ್ನು ಹತ್ತು ವರ್ಷ ಯೋಚನೆಯಿಲ್ಲ, ಟೀಚರಮ್ಮನಿಗೆ ಹೇಳಿ ಎಂದರು.

"ಅದು ನಮ್ಮಜ್ಜಿ ಕೂರ್ತಿದ್ದ ಜಾಗ," ಎಂದರು ಹುಡುಗಿ. "ಅಜ್ಜಿ ಹೋಗಿ ನಾಲ್ಕು ತಿಂಗಳಾಯ್ತು. ಅದೊಂದೇ ಉಳಿದಿತ್ತು."

ಟೀಚರಮ್ಮ ತೀರಿಹೋದದ್ದು ನಮಗೆ ತಿಳಿದದ್ದು ಆಗ. ಮೇಸ್ತ್ರಿಯವರು ಕೆರೆಯ ಕಡೆ ತಿರುಗಿ ನಿಂತರು. ಹೊಸ ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. ಡುಮ್ಮಣ್ಣ ಪೇದೆಯವರಿಗೆ ತನ್ನೊಬ್ಬನನ್ನೇ ಕರೆದುಕೊಂಡು ಹೋಗಿ ಎಂದ. ಯಾರೋ ನಮ್ಮನ್ನು ನೆನಪಿಟ್ಟುಕೊಂಡಿದ್ದಾರೆ ಎಂದು ನಿನ್ನೆಯಿಂದ ಕುಣಿದಿದ್ದೆವು. ಒಬ್ಬರ ನೆನಪನ್ನು ನಾವೇ ನಮ್ಮ ಕೈಯಾರೆ ಬಿಚ್ಚಿ, ಗಟ್ಟಿಮಾಡಿ, ಹೊಲಿದು ಇಟ್ಟಿದ್ದೆವು. ಕೆಲಸ ಚೆನ್ನಾಗಿ ಆಗಿತ್ತು, ಅದೇ ಸಂಕಟ.

ಆಗ ನಾನು ಹುಡುಗಿಗೆ ಹೇಳಿದೆ. ಹೊಸದರ ಮೇಲೆ ಯಜಮಾನರು ಕೂತು ಒಪ್ಪುವವರೆಗೆ ಹಳೇ ನಾರು, ಹತ್ತಿ ಎಸೆಯುವುದು ನಮ್ಮಲ್ಲಿಲ್ಲ. ಎಲ್ಲವೂ ನನ್ನ ಮನೆಯಲ್ಲಿ, ತೆಗೆದ ಪದರು ಪದರಾಗಿಯೇ ಚಾಪೆಯ ಮೇಲಿದೆ. ಅದನ್ನೇ ವಾಪಸು ಹಾಕಿಕೊಡುತ್ತೇವೆ. ಆದರೆ ಮೊದಲಿನಂತೆಯೇ ಬರುತ್ತದೆ ಎಂದು ಮಾತು ಕೊಡಲಾರೆ ಎಂದೂ ಹೇಳಿದೆ. ಹುಡುಗಿ ಎಡಗಡೆಯನ್ನು ಇನ್ನೊಮ್ಮೆ ಒತ್ತಿ ನೋಡಿ, ಹಾಕಿ ಎಂದರು. ನಾಲ್ಕು ಗಂಟೆಗೆ ಠಾಣೆಗೆ ಬಂದು ಹೇಳಿಕೆ ಕೊಡಬೇಕೆಂಬ ಷರತ್ತಿನ ಮೇಲೆ ಪೇದೆಯವರೂ ಒಪ್ಪಿ ಜೊತೆಗೆ ಬಂದರು.

ನನ್ನ ಮನೆಯಲ್ಲಿ ಮತ್ತೆ ಎಡಗಡೆ ಬಿಚ್ಚಿ ಹಳೆಯದನ್ನೇ ಅದರದರ ಜಾಗಕ್ಕೆ ಹಾಕಿದೆವು. ತಗ್ಗು ಬರಲಿಲ್ಲ. ಒಮ್ಮೆ ಕದಲಿಸಿದ ಹತ್ತಿ ಉಬ್ಬಿಕೊಂಡಿತ್ತು. ಯಾರಾದರೂ ಕೂತು ಒತ್ತಬೇಕು ಎಂದರು ಮೇಸ್ತ್ರಿಯವರು. ಡುಮ್ಮಣ್ಣ ಕೂತರೆ ತಗ್ಗಲ್ಲ, ಬಾವಿ ಆಗುತ್ತದೆ. ಮೇಸ್ತ್ರಿಯವರ ಮೈಯಲ್ಲಿ ಮೂಳೆ ಬಿಟ್ಟರೆ ಏನಿಲ್ಲ. ಪೇದೆಯವರು ತಾನು ಡ್ಯೂಟಿಯಲ್ಲಿದ್ದೇನೆ ಎಂದರು. ಹುಡುಗಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಅಜ್ಜಿ ಇದೇ ಗಾತ್ರ ಇದ್ದರು ಎಂದರು. ನಾನು ಕೂತೆ. ಹಾಗಲ್ಲ, ಎಡಗಾಲು ಮಡಚಿ ಕೆಳಗೆ ಹಾಕಿಕೊಳ್ಳಿ ಎಂದರು. ಹಾಕಿಕೊಂಡೆ. ಮೊಣಕೈ ಸೋಫಾದ ತೋಳಿನ ಮೇಲೆ. ಸ್ವಲ್ಪ ಮುಂದೆ. ಶಾಲೆ ಬೆಲ್ ಆದರೆ ತಕ್ಷಣ ಏಳುವ ಹಾಗೆ. ಅವರು ಹೇಳಿದಂತೆಲ್ಲ ಕೂತೆ, ನನ್ನ ಮಂಡಿ ನೋವು ಕೇಳುವವರಾರು. ಮೇಸ್ತ್ರಿಯವರು ನೆಲದ ಮೇಲೆ ಮಲಗಿ ಕೆಳಗಿನಿಂದ ಪಟ್ಟಿಗಳನ್ನು ಸಡಿಲಿಸುತ್ತಾ ಸಾಕಾ, ಸಾಕಾ ಎಂದು ಕೇಳುತ್ತಿದ್ದರು.

ಸಾಕೋ ಇಲ್ಲವೋ ಹೇಳಲು ಹುಡುಗಿಗೂ ಆಗಲಿಲ್ಲ. ಆ ಜಾಗದಲ್ಲಿ ತಾನು ಒಮ್ಮೆಯೂ ಕೂತೇ ಇಲ್ಲ, ಅಜ್ಜಿ ಇದ್ದಾಗ ಅಜ್ಜಿ ಕೂರುತ್ತಿದ್ದರು, ಹೋದಮೇಲೆ ಧೈರ್ಯ ಬರಲಿಲ್ಲ ಎಂದರು. ಹಾಗಾದರೆ ಆಳ ಹೇಗೆ ಗೊತ್ತಾಗಬೇಕು ಎಂದು ಮೇಸ್ತ್ರಿಯವರು ಕೆಳಗಿನಿಂದ ಕೇಳಿದರು. ಹುಡುಗಿ ಚಪ್ಪಲಿ ಬಿಟ್ಟು ಬಲಗಡೆ ಕೂತು, ಪಕ್ಕಕ್ಕೆ ವಾಲಿ, ನನ್ನ ತೊಡೆಯ ಮೇಲೆ ತಲೆಯಿಟ್ಟಳು. ಇಲ್ಲಿಂದ ಮುಂದೆ ಅವಳು ಎಂದೇ ಬರೆದುಕೊಳ್ಳಿ. ತೊಡೆಯ ಮೇಲೆ ಮಲಗಿದವಳನ್ನು ಅವರು ಎನ್ನಲು ನನ್ನ ನಾಲಿಗೆ ಹೊರಳುವುದಿಲ್ಲ.

ಕಣ್ಣು ಮುಚ್ಚಿ, "ಇನ್ನೂ ಸ್ವಲ್ಪ ಕೆಳಗೆ," ಎಂದಳು.

ಮೇಸ್ತ್ರಿಯವರು ಒಂದು ಪಟ್ಟಿ ಸಡಿಲಿಸಿದರು. ನಾನು ಅರ್ಧ ಬೆರಳಿನಷ್ಟು ಇಳಿದೆ. "ಇನ್ನೊಂಚೂರು," ಎಂದಳು. ಇನ್ನೊಂದು ಸಡಿಲಿಸಿದರು. ಆಮೇಲೆ ಮೂರು ಸಲ ಸಾಕಾ ಎಂದು ಕೇಳಿದರು. ಡುಮ್ಮಣ್ಣ ಬಗ್ಗಿ ಅವರ ಬಾಯಿ ಮುಚ್ಚಿದ.

ಕೆಲಸ ಮುಗಿದಾಗ ಮೂರು ಗಂಟೆ. ನಾಲ್ಕಕ್ಕೆ ಬರಬೇಕಾದವಳು ಆರಕ್ಕೆ ಯಾಕೆ ಬಂದೆ ಎಂದು ಸಾಹೇಬರು ಮೊದಲೇ ಕೇಳಿದ್ದರು. ಅದಕ್ಕೆ ಉತ್ತರ: ಹುಡುಗಿ ನಿದ್ದೆ ಹೋಗಿದ್ದಳು. ಅವಳ ಕೂದಲಿನಿಂದ ಇನ್ನೂ ಔಷಧಿಯ ವಾಸನೆ ಬರುತ್ತಿತ್ತು. ನನಗೆ ಏಳಲು ಆಗಲಿಲ್ಲ.

ಈ ಮೇಲಿನದನ್ನೆಲ್ಲ ಓದಿಸಿ ಕೇಳಿದ್ದೇನೆ. ನಾನು ಮಾಡಿದ್ದು, ಕಂಡದ್ದು ಇಷ್ಟೇ. ಸೇರಿಸಿದ್ದೂ ಇಲ್ಲ, ಬಚ್ಚಿಟ್ಟದ್ದೂ ಇಲ್ಲ.

ಸ್ಥಳ: ಠಾಣೆಯ ಮುಂಭಾಗದ ಕೋಣೆ
ದಿನ: ಭಾನುವಾರ ಸಂಜೆ
ಸಹಿ: (ಸೂಜಿಯಕ್ಕ)