ನೋ ರೀ

ತಿಕೋಟಾ ಬಸ್ ನಿಲ್ದಾಣದಲ್ಲಿ ಘೋಣಸಗಿ ಬಸ್ಸಿಗೆ ಕಾಯುತ್ತಿದ್ದ ಸುಮಿತ್ರಾಬಾಯಿಗೆ ಪಕ್ಕದ ತಾಯಿ-ಮಗಳ ಮಾತು ಬೇಡವೆಂದರೂ ಕೇಳಿಸುತ್ತಿತ್ತು. ಮಗಳು ಗೌತಮಿ ದೂರದ ಖಾಸಗಿ ವಿಶ್ವವಿದ್ಯಾಲಯದಲ್ಲಿ ಗಣಿತದ ಸಂಶೋಧನೆಗೆ ಸೇರಿದವಳೆಂದು ಮಾತಿನಿಂದಲೇ ತಿಳಿಯಿತು.

"ಎಲ್ಲಾರೂ ನಕ್ರು ಅಂತಿ. ಮತ್ತ ಅಲ್ಲಿಗೇ ಹೊಂಟಿಯಲ್ಲ?"

"ನನ್ನ ಲೆಕ್ಕಕ್ಕ ನಗಲಿಲ್ಲ ಬೇ, 'ರೀ' ಕೇಳಿ ನಕ್ರು. ಪ್ರೊಫೆಸರ್ ಬೋರ್ಡಿನ ಮ್ಯಾಲೆ ತಪ್ಪು ಬರದಿದ್ರು. ನಾ ಎದ್ದು 'ನೋ ರೀ ಸರ್' ಅಂದೆ."

"ಅಂಥ ದೊಡ್ಡವ್ರಿಗೆ ಇಲ್ಲ ಅಂದಿ?"

"ರೀ ಹಚ್ಚೇ ಅಂದೀನಲ್ಲ!"

ಸುಮಿತ್ರಾಬಾಯಿ ನಗು ಬಂದು ಸೆರಗನ್ನು ಬಾಯಿಗೆ ಹಿಡಿದಳು.

"ಹಾಸ್ಟೆಲಿನ್ಯಾಗೂ 'ನೋ ರೀ' ಅಂತ ಕರೀತಾರಂತಿ. ಬಿಟ್ಟು ಬಾ. ವಿಜಯಪುರದಾಗ ಕಾಲೇಜ್ ಇಲ್ಲೇನು?"

"ತಪ್ಪು ಎಲ್ಲೈತಿ, ಸೋಮವಾರ ಬಂದು ತೋರ್ಸು ಅಂದಾರ. ನಾ ಹೋಗ್ಲಿಲ್ಲಂದ್ರ ಅವರದ ಖರೇ ಆಗ್ತೈತಿ."

"ತೋರ್ಸಾಕ ಬರ್ಲಿಲ್ಲಂದ್ರ?"

"ಇನ್ನೊಮ್ಮೆ ನಗ್ತಾರ. ನಗಲಿ, ನಾ ಮತ್ತ ಕಲೀತೀನಿ."

"ಆ ರೀ ಒಂದಾದ್ರೂ ಬಿಡವಾ. ಇಂಗ್ಲಿಷಿನ್ಯಾಗ ರೀ ಇಲ್ಲೇನು?"

"ಇಲ್ಲ."

"ಹಂಗಾರ ದೊಡ್ಡವ್ರಿಗೆ ಮರ್ಯಾದಿ ಹೆಂಗ ಕೊಡ್ತಾರ?"

"ಅದಕ್ಕ ನಾ ಇಲ್ಲಿಂದ ಒಯ್ಯಾಕತ್ತೇನಿ."

ಅಷ್ಟರಲ್ಲಿ, ಗೌತಮಿ ರೈಲು ಹಿಡಿಯಲು ಹೋಗಬೇಕಿದ್ದ ವಿಜಯಪುರದ ಬಸ್ಸು ಬಂತು. ಕಂಡಕ್ಟರ್ ಬಾಗಿಲಲ್ಲೇ ಕೈ ಅಡ್ಡ ಹಿಡಿದ.

"ಜಾಗಾ ಇಲ್ಲವಾ, ಹಿಂದ ಬರೋ ಬಸ್ಸಿಗೆ ಬರ್ರಿ."

ಗೌತಮಿ ಬಾಯಿ ತೆರೆಯುವ ಮೊದಲೇ ತಾಯಿ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಮಗಳ ಚೀಲವನ್ನು ಒಳಗೆ ತಳ್ಳಿದಳು.

"ನೋ ರೀ!" ಎಂದಳು, ಇಡೀ ನಿಲ್ದಾಣಕ್ಕೆ ಕೇಳುವಂತೆ. "ನನ್ನ ಮಗಳು ಇದ ಬಸ್ಸಿಗೆ ಹೋಗಾಕಿ."