ಬಾಗಿಲ ಮುಂದಿನ ಇಳಿಜಾರು ಒಡೆಸಿದ ಬಗ್ಗೆ

ನಾನು, ಕೆಲಸದವರ ನಡುವೆ ಬ್ರೇಕರ್ ಮಾವ ಎಂದೇ ಪರಿಚಿತ, ವಯಸ್ಸು 47 ವರ್ಷ, ವಿದ್ಯುತ್ ಬ್ರೇಕರ್‌ನಿಂದ ಹಳೆಯ ಕಾಂಕ್ರೀಟ್ ಒಡೆಯುವ ಕೆಲಸ, ವಾಸ ನೀರಿನ ಟ್ಯಾಂಕಿನ ಹಿಂದಿನ ಗಲ್ಲಿ, ಮನೆ ಸಂಖ್ಯೆ 6, ಯಾರೂ ಕರೆಸದೆ ನಾನಾಗಿಯೇ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನಾನು 19 ವರ್ಷಗಳಿಂದ ಈ ಕೆಲಸದಲ್ಲಿದ್ದೇನೆ. ಒಡೆದ ಚೂರುಗಳನ್ನು ನನ್ನ ಹೆಂಡತಿ ಬಾಂಡ್ಲಿಯಲ್ಲಿ ತುಂಬಿ ಹೊರಗೆ ಹಾಕುತ್ತಾಳೆ. ನಿನ್ನೆ ಸಂಜೆ ಒಬ್ಬ ಹಾರ್ಡ್‌ವೇರ್ ಅಂಗಡಿಯವನು ಬಂದು, ತನ್ನ ಮನೆಯ ಗೇಟಿನಿಂದ ಬಾಗಿಲವರೆಗಿನ ಕಾಂಕ್ರೀಟ್ ದಾರಿ ಹಳೆಯದಾಗಿದೆ, ಪೂರ್ತಿ ಒಡೆದು ತೆಗೆಯಬೇಕು, ಮನೆ ಖಾಲಿ ಇದೆ ಎಂದು ತಿಳಿಸಿದನು.

ಈ ದಿನ ಬೆಳಿಗ್ಗೆ 9-10ಕ್ಕೆ ಸ್ಥಳಕ್ಕೆ ಹೋದೆವು. ದಾರಿ 21 ಅಡಿ ಉದ್ದ, 4 ಅಡಿ ಅಗಲವಿದ್ದು, ಬಾಗಿಲ ಬಳಿ ಎರಡೂವರೆ ಅಡಿ ಎತ್ತರಕ್ಕೆ ಏರಿತ್ತು. ಎಲ್ಲಿಯೂ ಒಂದು ಬಿರುಕಿರಲಿಲ್ಲ. ಅಂಗಡಿಯವನು ಬಾಗಿಲ ಕಡೆಯಿಂದ ಶುರು ಮಾಡಲು ಹೇಳಿದನು. ಗೇಟಿನ ತುದಿಯಿಂದ ಒಡೆಯುವುದು ಸುಲಭ ಎಂದು ನಾನು ಹೇಳಿದೆ. ಅದಕ್ಕೆ ಅವನು, "ಒಡೆಯೋದು ನಿನ್ನ ಕೆಲಸ, ತಲೆ ಓಡಿಸೋದು ನನ್ನ ಕೆಲಸ" ಎಂದನು. ಮತ್ತೇನೂ ವಿಚಾರಿಸದೆ ಯಂತ್ರವನ್ನು ಬಾಗಿಲ ಬಳಿಗೆ ಒಯ್ದೆ. ಅದು ನನ್ನ ತಪ್ಪು. ಅದನ್ನೂ ಬರೆದುಕೊಳ್ಳಬೇಕು.

9-25ಕ್ಕೆ ನಾವಿಬ್ಬರೂ ಕಿವಿಗೆ ಮುಚ್ಚಳ ಹಾಕಿಕೊಂಡೆವು, ನಾನು ಒಡೆಯಲಾರಂಭಿಸಿದೆ. 9-55ರ ಹೊತ್ತಿಗೆ ಬಾಗಿಲ ಮುಂದಿನ 6 ಅಡಿ ಕುಸಿದಿತ್ತು. ಆಗ ನನ್ನ ಹೆಂಡತಿ ಬೆನ್ನಿಗೆ ಎರಡು ಏಟು ಹೊಡೆದು ಕಿಟಕಿ ತೋರಿಸಿದಳು. ಯಂತ್ರ ನಿಲ್ಲಿಸಿದೆ. ಒಳಗೆ ಗಾಲಿಕುರ್ಚಿಯಲ್ಲಿ ಕುಳಿತಿದ್ದ ಒಬ್ಬ ಹೆಣ್ಣುಮಗಳು ಬಟ್ಟೆ ಕತ್ತರಿಸುವ ಕತ್ತರಿಯಿಂದ ಕಿಟಕಿಯ ಸರಳು ಬಡಿಯುತ್ತಿದ್ದಳು. ಅವಳ ಗಂಟಲು ಕಟ್ಟಿಹೋಗಿತ್ತು.

ಅವಳು ದರ್ಜಿ, ಅದೇ ಮುಂದಿನ ಕೋಣೆಯಲ್ಲಿ ಹೊಲಿಗೆ ಮಾಡುತ್ತಾಳೆ, ಮನೆಯಲ್ಲಿ ಅವಳಿಗೂ ಪಾಲಿದೆ ಎಂದು ಆಗ ತಿಳಿಯಿತು. ಅವಳು ಹೇಳಿದ್ದು ಹೀಗಿದೆ: "ಅರ್ಧ ಗಂಟೆಯಿಂದ ಕೂಗ್ತಾ ಇದೀನಿ. ನಿಮ್ಮ ಕಿವಿಗೆ ಬಿದ್ದಿಲ್ಲ ಅಂತ ಗೊತ್ತು. ಅಲ್ಲಿ ನಿಂತಿದ್ದಾನಲ್ಲ ನಮ್ಮಣ್ಣ, ಅವನಿಗೆ ಕೇಳಿಸಿದೆ."

ಅಣ್ಣ ಎಂದರೆ ಅದೇ ಅಂಗಡಿಯವನು. ಕಿಟಕಿಯಿಂದ 15 ಅಡಿ ದೂರದಲ್ಲಿ ನೆರಳಿಗೆ ನಿಂತಿದ್ದನು. ನಾನು ಕೇಳಲಾಗಿ, ಆ ಕೋಣೆ ತನ್ನ ಗೋದಾಮಿಗೆ ಬೇಕು, ತಂಗಿ ಎಷ್ಟು ಹೇಳಿದರೂ ಬಿಡುತ್ತಿಲ್ಲ, ಇನ್ನು ತಾನಾಗಿಯೇ ದಾರಿಗೆ ಬರುತ್ತಾಳೆ ಎಂದನು. ನನ್ನ ಹೆಂಡತಿ ಬಾಂಡ್ಲಿಯನ್ನು ಅವನ ಕಾಲ ಬುಡಕ್ಕೆ ಎಸೆದು, "ಇದ್ದ ದಾರಿನೇ ಒಡೆಸಿ ದಾರಿಗೆ ಬರ್ತಾಳೆ ಅಂತೀಯಲ್ಲ, ಒಡಹುಟ್ಟಿದವನೇನೋ ನೀನು?" ಎಂದು ಕೇಳಿದಳು. ಬಾಂಡ್ಲಿ ಅವನಿಗೆ ತಾಗಲಿಲ್ಲ.

ಅವನು ಉಳಿದದ್ದನ್ನೂ ಒಡೆಯಲು ಹೇಳಿದನು. ನಾನು ಪ್ಲಗ್ ಕಿತ್ತು ವೈರ್ ಸುತ್ತಿದೆ. ಬೇರೆಯವರನ್ನು ಕರೆಸುತ್ತೇನೆ ಎಂದು ಹೋದನು. ನನಗೂ ಒಬ್ಬ ತಂಗಿ ಇದ್ದಾಳೆ.

ಹೆಣ್ಣುಮಗಳನ್ನು ಎತ್ತಿ ಹೊರಗೆ ತರುತ್ತೇನೆ ಎಂದೆ. ಅವಳು ಒಪ್ಪದೆ, "ಇವತ್ತು ನೀವು ಎತ್ತುತ್ತೀರ. ನಾಳೆ ಯಾರನ್ನ ಕರೀಲಿ?" ಎಂದಳು. ಪಕ್ಕದ ಕಟ್ಟಡದಿಂದ ಮೂರು ಹಲಗೆ ತಂದು ಹಳ್ಳದ ಮೇಲೆ ಹಾಸಿದೆವು. 11-05ಕ್ಕೆ ಅವಳು ತಾನೇ ಚಕ್ರ ತಳ್ಳಿಕೊಂಡು ಹೊರಬಂದಳು. ಅಲ್ಲಿಂದ ಠಾಣೆಗೆ ಒಂದೂಕಾಲು ಕಿಲೋಮೀಟರ್. ಅದನ್ನೂ ತಾನೇ ಬಂದಳು.

ಅವನು ಬೇರೆಯವರಿಂದ ಒಡೆಸುವುದಕ್ಕೆ ಮೊದಲು ಸ್ಥಳಕ್ಕೆ ಬಂದು ನೋಡಬೇಕು. ಅನುಮತಿ ಕೊಟ್ಟರೆ ಒಡೆದಷ್ಟನ್ನೂ ನಾನೇ ಮತ್ತೆ ಕಟ್ಟಿಕೊಡುತ್ತೇನೆ.

ಇನ್ನೊಂದು ಮಾತು. ದೂರು ಕೊಡಬೇಕಾದದ್ದು ನಾನಲ್ಲ, ಅವಳು. ಈ ಠಾಣೆಗೆ ಐದು ಮೆಟ್ಟಿಲುಗಳಿವೆ, ಇಳಿಜಾರಿಲ್ಲ. ಮುಕ್ಕಾಲು ಗಂಟೆಯಿಂದ ಅವಳು ಕೆಳಗೆ ಬಿಸಿಲಲ್ಲಿ ಕುಳಿತಿದ್ದಾಳೆ. ಕಾಗದ, ಪೆನ್ನು ತೆಗೆದುಕೊಂಡು ಸಾಹೇಬರು ಕೆಳಗಿಳಿಯಬೇಕಾಗಿ ಕೋರುತ್ತೇನೆ.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ನಾನು ಕಂಡದ್ದು, ಕೇಳಿದ್ದು, ನನ್ನ ಕೈಯಾರೆ ಮಾಡಿದ್ದು ಇಷ್ಟು, ಇದರಲ್ಲಿ ಸುಳ್ಳಿಲ್ಲ.

ಸ್ಥಳ: ಪೊಲೀಸ್ ಠಾಣೆ, ಮೆಟ್ಟಿಲ ಮೇಲೆ
ದಿನಾಂಕ: ಈ ತಿಂಗಳ 14, ಮಧ್ಯಾಹ್ನ 12-20
ಹೇಳಿಕೆದಾರನ ಸಹಿ